ಅಕ್ಕಸಾಲಿಗನ ಮಗನ ಅಂಕಿತ



ಪ್ರೌಢಶಾಲೆಯಲ್ಲಿ ಯೂರೋಪಿನ ಪುನರುಜ್ಜೀವನದ ಪಾಠ ಮಾಡುವಾಗ ಲಿಯೊನಾರ್ಡೊ, ಮೈಕೆಲೆಂಜೆಲೊ, ರಾಫೆಲ್ ಎಂಬ ಮೂವರ ಹೆಸರನ್ನು ನಿಮ್ಮಿಂದ ಬಾಯಿಪಾಠ ಮಾಡಿಸುತ್ತಿದ್ದೆ. ಪರೀಕ್ಷೆಗೆ ಬೇಕಾದದ್ದು ಅಷ್ಟೇ. ಆಲ್ಪ್ಸ್ ಪರ್ವತದ ಉತ್ತರಕ್ಕೆ, ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಅದೇ ಕಾಲಕ್ಕೆ ಬದುಕಿದ್ದ ಆಲ್ಬ್ರೆಕ್ಟ್ ಡ್ಯೂರರ್ ಎಂಬ ಚಿತ್ರಕಾರನ ವಿಷಯಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಅವನ ಕಥೆಯನ್ನು ಇಂದು ಸಾವಧಾನವಾಗಿ ಹೇಳಬೇಕೆನಿಸಿದೆ. ಅದಕ್ಕೊಂದು ಕಾರಣವೂ ಇದೆ.

ನಿಮ್ಮಲ್ಲಿ ಕೆಲವರು ಈಗ ಕೈಕಸುಬಿನ ಸಣ್ಣ ಉದ್ಯೋಗಗಳನ್ನು ಕಟ್ಟಿಕೊಂಡಿದ್ದೀರಿ. ಒಬ್ಬರು ಲಗ್ನಪತ್ರಿಕೆಗಳಿಗೆ ಚಿತ್ರ ಬರೆಯುತ್ತೀರಿ, ಒಬ್ಬರು ಕಸೂತಿ ಹಾಕಿಸಿ ಮಾರುತ್ತೀರಿ, ಮತ್ತೊಬ್ಬರು ಮಣ್ಣಿನ ಒಡವೆ ಮಾಡುತ್ತೀರಿ, ಇನ್ನೊಬ್ಬರದು ಫೋಟೋ ಸ್ಟುಡಿಯೋ. ದೂರವಾಣಿಯಲ್ಲಿ ಮಾತನಾಡುವಾಗಲೆಲ್ಲ ‘ಬ್ರ್ಯಾಂಡ್’ ಎಂಬ ಪದ ನನ್ನ ಕಿವಿಗೆ ಬೀಳುತ್ತದೆ. ಹೆಸರನ್ನು ಹೇಗೆ ಕಟ್ಟಬೇಕು, ಗುರುತನ್ನು ಹೇಗೆ ಒಂದೇ ರೀತಿ ಇರಿಸಿಕೊಳ್ಳಬೇಕು, ನಕಲು ಮಾಡುವವರನ್ನು ಏನು ಮಾಡಬೇಕು ಎಂಬ ಚಿಂತೆ ನಿಮ್ಮದು. ಇದೆಲ್ಲ ಜಾಹೀರಾತು ಕಂಪನಿಗಳು ಹುಟ್ಟಿಸಿದ ಹೊಸ ವಿದ್ಯೆಯೆಂದು ಅನೇಕರು ಭಾವಿಸಿದ್ದಾರೆ. ಆದರೆ ಐದು ನೂರು ವರ್ಷಗಳ ಹಿಂದೆಯೇ ಒಂದು ಮನೆಯವರು, ಅಂದರೆ ಗಂಡ, ಹೆಂಡತಿ ಮತ್ತು ಮುದಿ ತಾಯಿ, ಈ ವಿದ್ಯೆಯನ್ನು ಯಾರಿಂದಲೂ ಕಲಿಯದೆ ಆಚರಿಸಿ ತೋರಿಸಿದ್ದರು. ಅವರ ಗೆಲುವಿನಿಂದ ಕಲಿಯುವುದಿದೆ. ಅವರ ಹೆಸರು ಮಾಡಿದ ಒಂದು ಅನರ್ಥದಿಂದ ಕಲಿಯುವುದು ಅದಕ್ಕಿಂತ ಹೆಚ್ಚಿದೆ.

ಡ್ಯೂರರ್ ಹುಟ್ಟಿದ್ದು 1471ರ ಮೇ 21ರಂದು. ತಂದೆ ಅಕ್ಕಸಾಲಿಗ, ಹಂಗೇರಿ ದೇಶದಿಂದ ವಲಸೆ ಬಂದು 1455ರಲ್ಲಿ ನ್ಯೂರೆಂಬರ್ಗಿನಲ್ಲಿ ನೆಲೆಸಿದವನು. ಅವನ ಪೂರ್ವಜರ ಊರಿನ ಹೆಸರಿನಲ್ಲಿದ್ದ ‘ಆಯ್ತೊ’ ಎಂಬುದಕ್ಕೆ ಹಂಗೇರಿಯನ್ ಭಾಷೆಯಲ್ಲಿ ಬಾಗಿಲು ಎಂದರ್ಥ. ಜರ್ಮನ್ ಭಾಷೆಯಲ್ಲಿ ಬಾಗಿಲಿಗೆ ‘ಟ್ಯೂರ್’. ಹೀಗೆ ಮನೆತನದ ಹೆಸರು ಟ್ಯೂರರ್ ಆಗಿ, ಸ್ಥಳೀಯರ ನಾಲಿಗೆಯಲ್ಲಿ ಡ್ಯೂರರ್ ಆಯಿತು. ಮನೆತನದ ಲಾಂಛನದಲ್ಲಿಯೂ ತೆರೆದ ಬಾಗಿಲಿನ ಚಿತ್ರವೇ ಇತ್ತು. ತಾಯಿ ಬಾರ್ಬರಾ ಹದಿನೆಂಟು ಮಕ್ಕಳನ್ನು ಹೆತ್ತಳು. ಬದುಕಿ ಬೆಳೆದವರು ಮೂವರೇ.

ಅಕ್ಕಸಾಲಿಗನ ಮನೆಯಲ್ಲಿ ಬೆಳೆದ ಹುಡುಗ ಮೊದಲು ಕಲಿಯುವ ಪಾಠ ಯಾವುದು? ಚಿನ್ನ ಬೆಳ್ಳಿಗಳ ಶುದ್ಧತೆ ಕಣ್ಣಿಗೆ ಕಾಣುವಂಥದ್ದಲ್ಲ. ಕೊಳ್ಳುವವನ ಬಳಿ ಒರೆಗಲ್ಲು ಇರುವುದಿಲ್ಲ. ಆದ್ದರಿಂದ ಮಾಡಿದವನು ತನ್ನ ಗುರುತನ್ನು ಒತ್ತಬೇಕು, ನಗರದ ಪರೀಕ್ಷಕರು ಊರಿನ ಗುರುತನ್ನು ಒತ್ತಬೇಕು. ನಾಳೆ ಲೋಹದಲ್ಲಿ ಮೋಸ ಕಂಡುಬಂದರೆ ಆ ಗುರುತನ್ನು ಹಿಡಿದು ಮಾಡಿದವನ ಮನೆಬಾಗಿಲಿಗೆ ಬರಬಹುದು. ಅಂದರೆ ಗುರುತು ಎನ್ನುವುದು ಮೂಲತಃ ಅಲಂಕಾರವಲ್ಲ, ಹೊಣೆ. ‘ಇದಕ್ಕೆ ನಾನು ಉತ್ತರ ಹೇಳುತ್ತೇನೆ’ ಎಂಬ ವಾಗ್ದಾನ. ಬಾಲಕ ಆಲ್ಬ್ರೆಕ್ಟ್ ಕೆಲಕಾಲ ತಂದೆಯ ಬಳಿಯೇ ಆ ಕಸುಬನ್ನು ಕಲಿತ. ಆದರೆ ಮನಸ್ಸು ಚಿತ್ರದ ಕಡೆಗಿತ್ತು. 1484ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ಕನ್ನಡಿ ನೋಡಿಕೊಂಡು ಬರೆದ ಅವನದೇ ಚಿತ್ರ ಇಂದಿಗೂ ಉಳಿದಿದೆ. 1486ರಲ್ಲಿ ತಂದೆ ಅವನನ್ನು ಮಿಖಾಯೆಲ್ ವೋಲ್ಗೆಮುಟ್ ಎಂಬ ಚಿತ್ರಕಾರನ ಕಾರ್ಯಶಾಲೆಗೆ ಕಳುಹಿಸಿದ. ಅಲ್ಲಿ ಪುಸ್ತಕಗಳಿಗೆ ಬೇಕಾದ ಮರದಚ್ಚಿನ ಚಿತ್ರಗಳು ತಯಾರಾಗುತ್ತಿದ್ದವು. ಆ ನಗರದ ದೊಡ್ಡ ಮುದ್ರಕ ಆಂಟೋನ್ ಕೋಬರ್ಗರ್ ಈ ಹುಡುಗನ ಧರ್ಮಪಿತ. ಹೀಗೆ ಲೋಹದ ಕಸುಬು, ಚಿತ್ರದ ಕಸುಬು, ಮುದ್ರಣದ ಕಸುಬು ಮೂರೂ ಒಬ್ಬನ ಬಾಲ್ಯದಲ್ಲಿ ಸಂಗಮಿಸಿದವು.

ಆ ಕಾಲದ ಚಿತ್ರಕಾರನ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ಅವನು ಬಡಗಿ, ಕಮ್ಮಾರರ ಸಾಲಿಗೆ ಸೇರಿದವನು. ಚರ್ಚು ಅಥವಾ ಸಿರಿವಂತ ಕೆಲಸ ಹೇಳಿದರೆ ಮಾಡಬೇಕು; ಹೇಳದಿದ್ದರೆ ಇಲ್ಲ. ಒಂದು ಚಿತ್ರ ಒಬ್ಬನ ಮನೆಯ ಗೋಡೆಗೆ ಹೋಯಿತೆಂದರೆ ಅದರ ಸಂಪಾದನೆ ಅಲ್ಲಿಗೆ ಮುಗಿಯಿತು. ಅಚ್ಚಿನ ಚಿತ್ರದ ಲೆಕ್ಕ ಬೇರೆ. ಮರದ ಹಲಗೆಯನ್ನೋ ತಾಮ್ರದ ತಗಡನ್ನೋ ಒಮ್ಮೆ ಕೆತ್ತಿದರೆ ನೂರಾರು ಪ್ರತಿ ತೆಗೆಯಬಹುದು. ಕಾಗದ ಹಗುರ, ಎಷ್ಟು ದೂರಕ್ಕಾದರೂ ಹೋದೀತು. ಆದರೆ ಹಾಗೆ ದೂರ ಹೋದ ಕಾಗದದ ಜೊತೆ ಬರೆದವನು ಹೋಗಲಾರ. ಫ್ರಾಂಕ್‌ಫರ್ಟಿನ ಜಾತ್ರೆಯಲ್ಲಿ ಕೊಳ್ಳುವವನಿಗೆ ಇದು ಯಾರ ಕೈಕೆಲಸವೆಂದು ಹೇಳುವವರಾರು? ಅಲ್ಲಿ ಬೇಕಾಯಿತು ಅಂಕಿತ.

ತಾಮ್ರದ ಕೆತ್ತನೆಗಳಿಗೆ ಅಂಕಿತ ಹಾಕುವ ರೂಢಿಯನ್ನು ಡ್ಯೂರರನೇ ಹುಟ್ಟುಹಾಕಿದನೆಂದು ತಿಳಿಯಬಾರದು. ಅವನಿಗಿಂತ ಹಿರಿಯನಾದ ಕೋಲ್ಮಾರ್ ನಗರದ ಮಾರ್ಟಿನ್ ಶೋನ್‌ಗಾವರ್ ತನ್ನ ಕೆತ್ತನೆಗಳಲ್ಲಿ ತನ್ನ ಹೆಸರಿನ ಎರಡು ಮೊದಲಕ್ಷರಗಳನ್ನು ತಪ್ಪದೆ ಹಾಕುತ್ತಿದ್ದ. ಅವನೂ ಅಕ್ಕಸಾಲಿಗನ ಮಗನೇ ಎಂಬುದನ್ನು ಗಮನಿಸಿ. ಅವನನ್ನು ಕಂಡು ಕಲಿಯಬೇಕೆಂದು ತರುಣ ಡ್ಯೂರರ್ 1492ರಲ್ಲಿ ಕೋಲ್ಮಾರಿಗೆ ಹೋದ. ಅಷ್ಟರಲ್ಲಿ ಆ ಹಿರಿಯ ತೀರಿಕೊಂಡಿದ್ದ. ಗುರುವಿನ ದರ್ಶನವಾಗಲಿಲ್ಲ, ಗುರುವಿನ ಪದ್ಧತಿಯನ್ನು ಮಾತ್ರ ಶಿಷ್ಯ ಹೊತ್ತು ತಂದ. ಆದರೆ ಮರದಚ್ಚಿನ ಚಿತ್ರಗಳಿಗೆ ಯಾರೂ ಸಾಮಾನ್ಯವಾಗಿ ಅಂಕಿತ ಹಾಕುತ್ತಿರಲಿಲ್ಲ. ಅವು ಅಗ್ಗದ ಸರಕು, ಹೆಸರು ಹೇಳಿಕೊಳ್ಳುವಂಥವಲ್ಲ ಎಂಬ ಭಾವನೆ. ಡ್ಯೂರರ್ ಅವುಗಳಿಗೂ ಹಾಕಿದ.

1494ರಲ್ಲಿ ಆಗ್ನೆಸ್ ಫ್ರೈ ಎಂಬಾಕೆಯೊಂದಿಗೆ ಅವನ ವಿವಾಹವಾಯಿತು. ಅನಂತರ ಇಟಲಿಯನ್ನು ನೋಡಿ ಬಂದು 1495ರಲ್ಲಿ ಸ್ವಂತ ಕಾರ್ಯಶಾಲೆ ತೆರೆದ. ಆರಂಭದ ಕೆತ್ತನೆಗಳನ್ನು ನೋಡಿದರೆ ಅಂಕಿತ ಇನ್ನೂ ತಡವರಿಸುತ್ತಿರುವುದು ಕಾಣುತ್ತದೆ. ಒಂದು ಕಡೆ ದೊಡ್ಡ ‘ಎ’ ಪಕ್ಕದಲ್ಲಿ ಸಣ್ಣ ರೂಪದ ‘ಡಿ’ ಇದೆ. 1497ರ ಹೊತ್ತಿಗೆ ಅದು ಸ್ಥಿರವಾಯಿತು: ಅಗಲವಾಗಿ ಕಾಲು ಚಾಚಿ ನಿಂತ ‘ಎ’ ಅಕ್ಷರ, ಅದರ ಕಾಲುಗಳ ನಡುವೆ ಚೌಕಟ್ಟಿನ ಒಳಗೆ ಕುಳಿತಂತೆ ‘ಡಿ’ ಅಕ್ಷರ. ನೋಡಿದರೆ ಬಾಗಿಲು ತೆರೆದಿಟ್ಟ ಒಂದು ಪುಟ್ಟ ಮನೆಯಂತೆ ನನಗೆ ತೋರುತ್ತದೆ. ಆಮೇಲೆ ಮೂವತ್ತು ವರ್ಷ, ಸಾಯುವವರೆಗೆ, ಆ ರೂಪವನ್ನು ಅವನು ಬಿಡಲಿಲ್ಲ.

‘ಅಂಕಿತ’ ಎಂಬ ಶಬ್ದವನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ಕನ್ನಡಿಗರಾದ ನಮಗೆ ಈ ಭಾವನೆ ಹೊಸದಲ್ಲ. ಹನ್ನೆರಡನೆಯ ಶತಮಾನದ ವಚನಕಾರರಿಗೆ ಒಬ್ಬೊಬ್ಬರಿಗೆ ಒಂದೊಂದು ಅಂಕಿತವಿತ್ತು. ಹೊಯ್ಸಳ ದೇವಾಲಯಗಳಲ್ಲಿ ಮಲ್ಲಿತಮ್ಮನಂಥ ರೂವಾರಿಗಳು ತಾವು ಕಡೆದ ವಿಗ್ರಹದ ಪೀಠದಲ್ಲಿ ಹೆಸರು ಕೊರೆದಿದ್ದಾರೆ. ಪುರಂದರದಾಸರಂತೂ ಡ್ಯೂರರನ ಕಾಲದವರೇ. ಆದರೆ ದಾಸರ ಅಂಕಿತ ದೇವರ ಹೆಸರಿನದು; ಅಲ್ಲಿ ಹಾಡಿದವನು ತನ್ನನ್ನು ಹಿಂದಕ್ಕೆ ಸರಿಸಿಕೊಳ್ಳುತ್ತಾನೆ. ಡ್ಯೂರರನ ಅಂಕಿತ ಅವನ ಸ್ವಂತ ಹೆಸರಿನದು, ಸಂತೆಯಲ್ಲಿ ನಿಂತು ಮಾತನಾಡುವಂಥದ್ದು. ಎರಡರ ಉದ್ದೇಶ ಬೇರೆಯಾದರೂ ಕೆಲಸ ಒಂದೇ: ಕೃತಿ ಕರ್ತೃವಿನಿಂದ ದೂರ ಹೋದ ಮೇಲೂ ಅದನ್ನು ಅವನಿಗೆ ಕಟ್ಟಿಹಾಕುವುದು.

1498ರಲ್ಲಿ ಡ್ಯೂರರ್ ಒಂದು ಸಾಹಸ ಮಾಡಿದ. ಬೈಬಲ್ಲಿನ ಕೊನೆಯ ಭಾಗವಾದ ಪ್ರಕಟಣೆಯ ಗ್ರಂಥಕ್ಕೆ ಹದಿನೈದು ದೊಡ್ಡ ಮರದಚ್ಚಿನ ಚಿತ್ರಗಳನ್ನು ರಚಿಸಿ, ಜರ್ಮನ್ ಮತ್ತು ಲ್ಯಾಟಿನ್ ಎರಡೂ ಭಾಷೆಗಳಲ್ಲಿ, ತಾನೇ ಪ್ರಕಾಶಕನಾಗಿ ಹೊರತಂದ. ಚಿತ್ರಕಾರನೊಬ್ಬ ಯಾರ ಅಪ್ಪಣೆಗೂ ಕಾಯದೆ, ತನ್ನದೇ ಬಂಡವಾಳದಲ್ಲಿ, ತನ್ನದೇ ಹೆಸರಿನಲ್ಲಿ ಪುಸ್ತಕ ಪ್ರಕಟಿಸಿದ್ದು ಅಪೂರ್ವ ಸಂಗತಿ. ಹದಿನೈದೂ ಹಾಳೆಗಳಲ್ಲಿ ಅದೇ ಅಂಕಿತ. ಲೋಕ 1500ರಲ್ಲಿ ಮುಗಿದುಹೋದೀತೆಂಬ ಭಯ ಹಲವರನ್ನು ಕಾಡುತ್ತಿದ್ದ ಕಾಲವದು. ಚಿತ್ರಗಳು ಯೂರೋಪಿನಾದ್ಯಂತ ಹರಡಿದವು. ಇಪ್ಪತ್ತೇಳು ವರ್ಷದ ತರುಣನ ಹೆಸರು ಅವುಗಳೊಂದಿಗೆ ಹೋಯಿತು.

ಈ ವ್ಯಾಪಾರ ನಡೆಸಿದವರು ಯಾರೆಂಬುದು ಮುಖ್ಯ ಪ್ರಶ್ನೆ. 1497ರಲ್ಲಿಯೇ ಡ್ಯೂರರ್ ಒಬ್ಬ ಮಾರಾಟಗಾರನೊಂದಿಗೆ ಕರಾರು ಮಾಡಿಕೊಂಡು, ಊರಿಂದೂರಿಗೆ ಹೋಗಿ ಚಿತ್ರ ಮಾರಲು ನೇಮಿಸಿದ್ದ. ಆದರೆ ಹೆಚ್ಚಿನ ಭಾರ ಹೊತ್ತವರು ಮನೆಯ ಹೆಂಗಸರು. ಹೆಂಡತಿ ಆಗ್ನೆಸ್ ಚಿತ್ರಗಳ ಕಟ್ಟನ್ನು ತೆಗೆದುಕೊಂಡು ಫ್ರಾಂಕ್‌ಫರ್ಟಿನ ಜಾತ್ರೆಗೆ ಹೋಗುತ್ತಿದ್ದಳು. ತಾಯಿ ಬಾರ್ಬರಾ ನ್ಯೂರೆಂಬರ್ಗಿನ ಸಂತೆಯಲ್ಲಿ ಮಾರುತ್ತಿದ್ದಳು. 1505ರಿಂದ 1507ರವರೆಗೆ ಡ್ಯೂರರ್ ವೆನಿಸ್ ನಗರದಲ್ಲಿದ್ದಾಗ ಊರಿನ ವ್ಯವಹಾರವೆಲ್ಲ ಇವರ ಕೈಯಲ್ಲೇ ಇತ್ತು. ಗಂಡ ಸತ್ತ ಮೇಲೆ ಅವನ ಗೆಳೆಯ ಪಿರ್ಕ್‌ಹೈಮರ್ ಎಂಬ ಪಂಡಿತ ಒಂದು ಪತ್ರದಲ್ಲಿ ಆಗ್ನೆಸಳನ್ನು ಜಿಪುಣಿ, ಗಂಡನನ್ನು ದುಡಿಸಿ ಸಾಯಿಸಿದವಳು ಎಂದು ಹಳಿದ. ಆ ಮಾತನ್ನು ನಂಬಿ ಶತಮಾನಗಳ ಕಾಲ ಬರೆದವರೆಲ್ಲ ಆಕೆಯನ್ನು ಗಯ್ಯಾಳಿಯೆಂದೇ ಚಿತ್ರಿಸಿದರು. ಲೆಕ್ಕ ಇಟ್ಟವಳು, ಕೊಡು-ಕೊಳ್ಳುವವರೊಡನೆ ಮಾತನಾಡಿದವಳು, ಹತ್ತಾರು ದಿನ ಪರಸ್ಥಳದಲ್ಲಿ ಅಂಗಡಿ ಹಾಕಿ ಕುಳಿತವಳು ಜಿಪುಣಿಯಾಗಿ ಕಂಡಿದ್ದರಲ್ಲಿ ಆಶ್ಚರ್ಯವೇನಿದೆ? ಕಲಾವಿದನ ಔದಾರ್ಯ ಎಲ್ಲರಿಗೂ ಕಾಣುತ್ತದೆ. ಆ ಔದಾರ್ಯಕ್ಕೆ ಹಣ ಒದಗಿಸಿದವರ ಬಿಗಿ ಮುಷ್ಟಿ ಮಾತ್ರ ದೋಷವಾಗುತ್ತದೆ. ಈಚಿನ ಇತಿಹಾಸಕಾರರು ಆಕೆಯನ್ನು ಆ ಉದ್ಯಮದ ಪಾಲುದಾರಳೆಂದೇ ಗುರುತಿಸುತ್ತಿದ್ದಾರೆ. ನಿಮ್ಮ ಹೆಸರಿನ ಹಿಂದೆ ಯಾರ ದುಡಿಮೆ ಇದೆಯೆಂದು ನೀವೂ ಒಮ್ಮೆ ಎಣಿಸಿ ನೋಡಿ.

ಇನ್ನು ನಕಲಿನ ವಿಷಯ. ಹೆಸರು ಬೆಳೆದಂತೆ ಹೆಸರನ್ನು ಕದಿಯುವವರೂ ಬೆಳೆದರು. ಮಾರ್ಕಾಂಟೋನಿಯೋ ರೈಮೋಂಡಿ ಎಂಬ ಸಮರ್ಥ ಇಟಾಲಿಯನ್ ಕೆತ್ತನೆಗಾರ ಡ್ಯೂರರನ ‘ಮರಿಯಳ ಜೀವನ’ ಎಂಬ ಮರದಚ್ಚಿನ ಮಾಲೆಯಿಂದ ಹದಿನೇಳು ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ನಕಲು ಮಾಡಿದ, ಡ್ಯೂರರನ ಅಂಕಿತವನ್ನೂ ಸೇರಿಸಿ. ಇಟಲಿಯ ಕಲಾವಿದರ ಚರಿತ್ರೆ ಬರೆದ ವಸಾರಿ 1568ರ ತನ್ನ ಗ್ರಂಥದಲ್ಲಿ ಇದನ್ನು ಕಥೆಯಾಗಿ ಹೇಳುತ್ತಾನೆ: ಡ್ಯೂರರ್ ಕೋಪಗೊಂಡು ವೆನಿಸ್ಸಿಗೆ ಬಂದು ಆಡಳಿತದ ಮುಂದೆ ದೂರಿತ್ತನಂತೆ, ಇನ್ನು ಮುಂದೆ ಡ್ಯೂರರನ ಅಂಕಿತವನ್ನು ಬಳಸಕೂಡದೆಂದು ಮಾತ್ರ ತೀರ್ಪಾಯಿತಂತೆ. ವೆನಿಸ್ಸಿನ ಕಡತಗಳಲ್ಲಿ ಈ ಮೊಕದ್ದಮೆಯ ದಾಖಲೆ ದೊರೆತಿಲ್ಲ, ಆದ್ದರಿಂದ ಇದನ್ನು ಕಥೆಯೆಂದೇ ಹೇಳಬೇಕು. ಆದರೆ ಒಂದು ಸಾಕ್ಷ್ಯ ಚಿತ್ರಗಳಲ್ಲಿಯೇ ಇದೆ. ಮುಂದೆ ಅದೇ ಮಾರ್ಕಾಂಟೋನಿಯೋ ಡ್ಯೂರರನ ‘ಕಿರಿಯ ಯಾತನಾ ಮಾಲೆ’ಯನ್ನು ನಕಲು ಮಾಡಿದಾಗ ಚಿತ್ರವನ್ನೆಲ್ಲ ಯಥಾವತ್ತಾಗಿ ಇಳಿಸಿ, ಅಂಕಿತವಿದ್ದ ಪುಟ್ಟ ಫಲಕವನ್ನು ಮಾತ್ರ ಖಾಲಿ ಬಿಟ್ಟಿದ್ದಾನೆ.

ಕಥೆಗಿಂತ ಗಟ್ಟಿಯಾದ ದಾಖಲೆ ನ್ಯೂರೆಂಬರ್ಗಿನದು. ಆ ನಗರದಲ್ಲಿ ಕಸುಬುದಾರರ ಸ್ವತಂತ್ರ ಸಂಘಗಳಿಗೆ ಅವಕಾಶವಿರಲಿಲ್ಲ. ಎಲ್ಲವನ್ನೂ ನಗರಸಭೆಯೇ ನಿರ್ಣಯಿಸುತ್ತಿತ್ತು. 1512ರ ಜನವರಿಯಲ್ಲಿ ಪರಸ್ಥಳದವನೊಬ್ಬ ಪುರಭವನದ ಮುಂದೆಯೇ ಚಿತ್ರ ಮಾರುತ್ತಿದ್ದ. ಅವುಗಳಲ್ಲಿ ಕೆಲವು ಡ್ಯೂರರನ ಅಂಕಿತ ಹೊತ್ತ ನಕಲುಗಳು. ಸಭೆಯ ಅಪ್ಪಣೆ ಹೀಗಿತ್ತು: ಅವನು ಆ ಅಂಕಿತಗಳನ್ನೆಲ್ಲ ತೆಗೆದುಹಾಕಬೇಕು, ಅಂಥವನ್ನು ಇಲ್ಲಿ ಮಾರಕೂಡದು, ತಪ್ಪಿದರೆ ಸರಕನ್ನು ಖೋಟಾ ಎಂದು ಮುಟ್ಟುಗೋಲು ಹಾಕಿಕೊಳ್ಳಲಾಗುವುದು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಸಭೆ ಚಿತ್ರದ ನಕಲನ್ನು ನಿಷೇಧಿಸಲಿಲ್ಲ, ಅಂಕಿತದ ನಕಲನ್ನು ನಿಷೇಧಿಸಿತು. ಖೋಟಾ ನಾಣ್ಯದ ನ್ಯಾಯವೇ ಇಲ್ಲಿಯೂ ಅನ್ವಯವಾಗಿದೆ. ರೂಪವನ್ನು, ಕಲ್ಪನೆಯನ್ನು ಅನುಕರಿಸುವುದು ಅಂದಿನ ದೃಷ್ಟಿಯಲ್ಲಿ ಕಸುಬಿನ ರೂಢಿ. ಎಲ್ಲ ಶಿಷ್ಯರೂ ಹಾಗೆಯೇ ಕಲಿಯುವುದು. ಆದರೆ ಇನ್ನೊಬ್ಬನ ವಾಗ್ದಾನವನ್ನು ತನ್ನದೆಂಬಂತೆ ಮಾರುವುದು ವಂಚನೆ. ಡ್ಯೂರರನಿಗೆ ಇಷ್ಟು ಸಾಲದಾಗಿತ್ತು. 1511ರಲ್ಲಿ ಅವನು ತನ್ನ ಮೂರು ದೊಡ್ಡ ಪುಸ್ತಕಗಳನ್ನು ಪ್ರಕಟಿಸಿದಾಗ, ಪರರ ಶ್ರಮವನ್ನೂ ಕಲ್ಪನೆಯನ್ನೂ ಕದಿಯುವವರಿಗೆ ಕಟುವಾದ ಎಚ್ಚರಿಕೆಯನ್ನು ಅಚ್ಚುಹಾಕಿಸಿ, ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನ ರಕ್ಷಣೆ ತನಗಿದೆಯೆಂದು ಸಾರಿದ್ದ. ಆದರೂ ನಕಲುಗಳು ನಿಲ್ಲಲಿಲ್ಲ. ಅಂದಮೇಲೆ ಕಾಲು ಶತಮಾನ ಅವನ ವ್ಯಾಪಾರ ಹೇಗೆ ಉಳಿಯಿತು? ನನ್ನ ಉತ್ತರ ಇಷ್ಟೇ: ಎರಡಕ್ಷರವನ್ನು ಯಾರಾದರೂ ಕೆತ್ತಬಹುದು, 1513 ಮತ್ತು 1514ರಲ್ಲಿ ಬಂದ ‘ವೀರ, ಮೃತ್ಯು ಮತ್ತು ಸೈತಾನ’, ‘ಸಂತ ಜೆರೋಮ್’, ‘ಮೆಲಂಕೋಲಿಯಾ’ ಎಂಬ ಮೂರು ತಾಮ್ರದ ಕೆತ್ತನೆಗಳನ್ನು ಒಂದಾದ ಮೇಲೊಂದರಂತೆ ಯಾರೂ ಕೆತ್ತಲಾರರು. ಅಂಕಿತಕ್ಕೆ ಬೆಲೆ ಬಂದದ್ದು ಅದರ ಪಕ್ಕದ ಕೆಲಸದಿಂದ. ನಕಲುಗಾರ ನಿನ್ನೆಯ ಚಿತ್ರವನ್ನು ಕದಿಯುವಾಗ ಡ್ಯೂರರ್ ನಾಳೆಯದನ್ನು ಕೆತ್ತುತ್ತಿದ್ದ.

ಹಾಗೆಂದು ಅವನು ಕಷ್ಟವಿಲ್ಲದೆ ಸಂಪಾದಿಸಿದನೆಂದಲ್ಲ. ಫ್ರಾಂಕ್‌ಫರ್ಟಿನ ಜಾಕೋಬ್ ಹೆಲ್ಲರ್ ಎಂಬ ವರ್ತಕನಿಗಾಗಿ 1507ರಿಂದ 1509ರವರೆಗೆ ಒಂದು ದೊಡ್ಡ ವರ್ಣಚಿತ್ರ ಬರೆದ. ಮಾತಾದದ್ದು 130 ಫ್ಲಾರಿನ್. ಕೆಲಸ ಬೆಳೆಯುತ್ತ ಹೋದಂತೆ ಅಷ್ಟಕ್ಕೆ ಸಾಲದಾಯಿತು. ಪತ್ರದ ಮೇಲೆ ಪತ್ರ ಬರೆದು, ವಾದ ಮಾಡಿ, ಕೊನೆಗೆ 200 ಪಡೆದ. ಇಷ್ಟು ಎಚ್ಚರದಿಂದ ಬಣ್ಣ ಹಾಕುವ ಬದಲು ಕೆತ್ತನೆಯನ್ನೇ ಹಿಡಿದು ಕುಳಿತಿದ್ದರೆ ಇಷ್ಟು ಹೊತ್ತಿಗೆ ಸಾವಿರ ಫ್ಲಾರಿನ್ ಹೆಚ್ಚು ಸಂಪಾದಿಸಿರುತ್ತಿದ್ದೆ ಎಂದು ಅವನು ಹೆಲ್ಲರನಿಗೆ ಬರೆದಿದ್ದಾನೆ. ಶುಚಿಯಾಗಿ ಇರಿಸಿಕೊಂಡರೆ ಚಿತ್ರ ಐನೂರು ವರ್ಷ ಹೊಸದಾಗಿಯೇ ಇರುತ್ತದೆಂದು ಭರವಸೆಯನ್ನೂ ಕೊಟ್ಟಿದ್ದ. ಆ ಚಿತ್ರ 1729ರಲ್ಲಿ ಮ್ಯೂನಿಕ್ಕಿನ ಅರಮನೆಯ ಬೆಂಕಿಯಲ್ಲಿ ಸುಟ್ಟುಹೋಯಿತು. ಆದರೆ ಸಂತೆಯಲ್ಲಿ ಮಾರಿದ ಕಾಗದದ ಚಿತ್ರಗಳು ಇಂದಿಗೂ ಲೋಕದ ವಸ್ತುಸಂಗ್ರಹಾಲಯಗಳಲ್ಲಿವೆ.

ಸ್ವಂತ ಊರಿನವರೂ ಅವನಿಗೆ ಹೆಚ್ಚು ಕೆಲಸ ಕೊಡಲಿಲ್ಲ. ಮೂವತ್ತು ವರ್ಷಗಳಲ್ಲಿ ಈ ನಗರದವರಿಂದ ನನಗೆ ಐನೂರು ಫ್ಲಾರಿನ್ನಿನ ಕೆಲಸವೂ ಸಿಕ್ಕಿಲ್ಲ ಎಂದು 1524ರಲ್ಲಿ ನಗರಸಭೆಗೇ ಬರೆದ. ವೆನಿಸ್ ಮತ್ತು ಆಂಟ್‌ವರ್ಪ್ ನಗರಗಳು ವಾರ್ಷಿಕ ವೇತನ ಕೊಟ್ಟು ಕರೆದರೂ ಹುಟ್ಟೂರನ್ನು ಬಿಡಲಿಲ್ಲವೆಂದೂ ಸೇರಿಸಿದ. 1520-21ರಲ್ಲಿ ನೆದರ್ಲೆಂಡ್ಸ್ ಪ್ರವಾಸ ಹೋದಾಗ ಅವನು ಬರೆದಿಟ್ಟ ದಿನಚರಿ ಓದಿದರೆ ಕಿರಾಣಿ ಅಂಗಡಿಯ ಖಾತೆಪುಸ್ತಕ ನೋಡಿದಂತಾಗುತ್ತದೆ. ಯಾರಿಗೆ ಎಷ್ಟು ಚಿತ್ರ ಮಾರಿದೆ, ಯಾರಿಗೆ ಉಡುಗೊರೆ ಕೊಟ್ಟೆ, ಊಟಕ್ಕೆ ಎಷ್ಟಾಯಿತು, ಎಲ್ಲವೂ ಇದೆ. ಒಂದು ಕಡೆ ಹದಿನಾರು ‘ಕಿರಿಯ ಯಾತನಾ ಮಾಲೆ’ಗಳನ್ನು 4 ಫ್ಲಾರಿನ್ನಿಗೆ ಮಾರಿದ ಲೆಕ್ಕ. ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಗೊತ್ತುಮಾಡಿದ್ದ 100 ಫ್ಲಾರಿನ್ನಿನ ವರ್ಷಾಶನವನ್ನು ಹೊಸ ಚಕ್ರವರ್ತಿಯಿಂದ ಖಾಯಂ ಮಾಡಿಸಿಕೊಂಡನಾದರೂ, ಒಟ್ಟು ಪ್ರವಾಸದಲ್ಲಿ ತನಗೆ ನಷ್ಟವೇ ಆಯಿತೆಂದು ಕೊನೆಗೆ ಬರೆದುಕೊಂಡಿದ್ದಾನೆ. ಯೂರೋಪಿನಲ್ಲೆಲ್ಲ ಹೆಸರಾದವನ ಪಾಡು ಇದು. ನಿಮ್ಮ ಒಂದು ತಿಂಗಳ ಲೆಕ್ಕ ಕೈಕೊಟ್ಟರೆ ಎದೆಗುಂದಬೇಡಿ.

ಈಗ ನಾನು ಮೊದಲಿಗೆ ಹೇಳಿದ ಅನರ್ಥದ ಪ್ರಸಂಗಕ್ಕೆ ಬರುತ್ತೇನೆ. ಇದು ನಮ್ಮ ದೇಶಕ್ಕೂ ಸಂಬಂಧಿಸಿದ್ದು. ಇತ್ತ ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದ ಕಾಲ. 1510ರಲ್ಲಿ ಗೋವೆಯನ್ನು ಹಿಡಿದಿದ್ದ ಪೋರ್ಚುಗೀಸರ ಅಧಿಪತಿ ಆಲ್ಬುಕರ್ಕ್, ದೀವ್‌ನಲ್ಲಿ ಕೋಟೆ ಕಟ್ಟಲು ಅನುಮತಿ ಬೇಡಿ 1514ರಲ್ಲಿ ಗುಜರಾತಿನ ಸುಲ್ತಾನ ಎರಡನೆಯ ಮುಜಫರ್ ಶಾಹನ ಬಳಿಗೆ ದೂತರನ್ನು ಕಳುಹಿಸಿದ. ಸುಲ್ತಾನ ಅನುಮತಿ ಕೊಡಲಿಲ್ಲ. ಮರ್ಯಾದೆಗಾಗಿ ಒಂದು ಖಡ್ಗಮೃಗವನ್ನು ಉಡುಗೊರೆ ಕೊಟ್ಟ. ಅದು ಗೋವೆಗೆ ಬಂದು, ಅಲ್ಲಿಂದ ಹಡಗಿನಲ್ಲಿ 1515ರ ಮೇ 20ರಂದು ಲಿಸ್ಬನ್ ತಲುಪಿತು. ರೋಮನ್ನರ ಕಾಲದ ಅನಂತರ ಯೂರೋಪು ಅಂಥ ಜೀವಂತ ಪ್ರಾಣಿಯನ್ನು ಕಂಡಿರಲಿಲ್ಲ. ಊರೆಲ್ಲ ಅದರದೇ ಮಾತು. ಲಿಸ್ಬನ್ನಿನಿಂದ ಒಂದು ವರ್ಣನೆ, ಒಂದು ರೇಖಾಚಿತ್ರ ನ್ಯೂರೆಂಬರ್ಗಿಗೆ ಬಂತು. ಪ್ರಾಣಿಯನ್ನು ಕಣ್ಣಿಂದ ಕಾಣದ ಡ್ಯೂರರ್ ಅದರ ಆಧಾರದ ಮೇಲೆ ಮರದಚ್ಚಿನ ಚಿತ್ರ ಮಾಡಿ, ಅಂಕಿತ ಹಾಕಿ, ಅದೇ ವರ್ಷ ಮಾರಾಟಕ್ಕೆ ಬಿಟ್ಟ.

ಚಿತ್ರ ಅದ್ಭುತವಾಗಿದೆ, ಆದರೆ ತಪ್ಪಾಗಿದೆ. ಮೈಮೇಲೆ ಯೋಧನ ಕವಚದಂತೆ ಜೋಡಿಸಿದ ಫಲಕಗಳು, ಕಾಲಿಗೆ ಹುರುಪೆ, ಭುಜದ ಮೇಲೆ ತಿರುಪಿನಂಥ ಎರಡನೆಯ ಪುಟ್ಟ ಕೊಂಬು. ನಮ್ಮ ಖಡ್ಗಮೃಗಕ್ಕೆ ಇದ್ಯಾವುದೂ ಹಾಗಿಲ್ಲ. ಮೇಲೆ ಅಚ್ಚುಹಾಕಿದ ಟಿಪ್ಪಣಿಯಲ್ಲಿ ವರ್ಷವೂ ತಪ್ಪಿ 1513 ಎಂದಿದೆ. ಅದೇ 1515ರಲ್ಲಿ ಆಗ್ಸ್‌ಬರ್ಗ್ ನಗರದ ಹಾನ್ಸ್ ಬುರ್ಗ್‌ಕ್ಮೈರ್ ಎಂಬ ಚಿತ್ರಕಾರನೂ ಒಂದು ಖಡ್ಗಮೃಗದ ಮರದಚ್ಚು ಮಾಡಿದ. ಅದು ನಿಜವಾದ ಪ್ರಾಣಿಗೆ ಹೆಚ್ಚು ಹತ್ತಿರ. ಚರ್ಮದ ಮಡಿಕೆಗಳು ಚರ್ಮದಂತೆಯೇ ಇವೆ. ಏನಾಯಿತು ಗೊತ್ತೇ? ಬುರ್ಗ್‌ಕ್ಮೈರನ ಚಿತ್ರದ ಒಂದೇ ಒಂದು ಪ್ರತಿ ಇಂದು ಉಳಿದಿದೆ. ಡ್ಯೂರರನದು ಹಲವು ಬಾರಿ ಮರುಮುದ್ರಣವಾಯಿತು. ಪ್ರಾಣಿಶಾಸ್ತ್ರದ ಗ್ರಂಥಗಳು ಅದನ್ನೇ ನಕಲು ಮಾಡಿದವು. ಹದಿನೆಂಟನೆಯ ಶತಮಾನದಲ್ಲಿ ಜೀವಂತ ಖಡ್ಗಮೃಗವೊಂದು ಯೂರೋಪಿನ ಊರೂರು ತಿರುಗುವ ತನಕ ಜನರ ಮನಸ್ಸಿನಲ್ಲಿದ್ದದ್ದು ಕವಚ ತೊಟ್ಟ ಡ್ಯೂರರನ ಮೃಗವೇ. ಪಾಪದ ಆ ನಿಜವಾದ ಪ್ರಾಣಿಯನ್ನು ಪೋರ್ಚುಗಲ್ಲಿನ ರಾಜ ಪೋಪ್ ಗುರುವಿಗೆ ಕಾಣಿಕೆಯಾಗಿ ಕಳುಹಿಸಿದ. 1516ರ ಆರಂಭದಲ್ಲಿ ಇಟಲಿಯ ತೀರದಲ್ಲಿ ಹಡಗು ಮುಳುಗಿ ಅದು ಸತ್ತುಹೋಯಿತು; ಸಾಕ್ಷಿ ಹೇಳಲು ಉಳಿಯಲಿಲ್ಲ.

ಡ್ಯೂರರ್ ಮೋಸಗಾರನಲ್ಲ. ಸಿಕ್ಕ ಮಾಹಿತಿಯನ್ನು ತನ್ನ ಕಲ್ಪನೆಯಿಂದ ತುಂಬಿಕೊಂಡ, ಅಷ್ಟೆ. ಆದರೆ ಅವನ ಹೆಸರಿಗೆ ಎಷ್ಟು ಬಲ ಬಂದಿತ್ತೆಂದರೆ ಅದು ಸತ್ಯವನ್ನು ಹಿಂದೆ ಹಾಕಿ ತಪ್ಪನ್ನೇ ಮಾರಿಕೊಟ್ಟಿತು. ನಾನು ಇಷ್ಟು ಉದ್ದ ಬರೆದದ್ದು ಈ ಮಾತಿಗಾಗಿಯೇ. ಹೆಸರು ಬೆಳೆಯುವವರೆಗೆ ಕೊಳ್ಳುವವನು ನಿಮ್ಮ ಕೆಲಸವನ್ನು ತಿರುವಿ ಮುರುವಿ ಪರೀಕ್ಷಿಸುತ್ತಾನೆ. ಹೆಸರು ಬೆಳೆದ ಮೇಲೆ ಪರೀಕ್ಷಿಸುವುದನ್ನು ಬಿಡುತ್ತಾನೆ. ಒರೆಗಲ್ಲು ಅವನ ಕೈಯಿಂದ ನಿಮ್ಮ ಕೈಗೆ ಬರುತ್ತದೆ. ಅಂದಿನಿಂದ ನಿಮ್ಮ ಕೆಲಸವನ್ನು ಪರೀಕ್ಷಿಸುವವರು ನೀವೇ. ಹಳೆಯ ಅಕ್ಕಸಾಲಿಗರು ಗುರುತನ್ನು ಹೊಣೆಯೆಂದು ಕರೆದದ್ದು ಇದಕ್ಕಾಗಿಯೇ.

ಡ್ಯೂರರ್ 1528ರ ಏಪ್ರಿಲ್ 6ರಂದು ತೀರಿಕೊಂಡ. ಬಿಟ್ಟುಹೋದ ಆಸ್ತಿ ಸುಮಾರು 6,800 ಫ್ಲಾರಿನ್. ಅಂದಿನ ಲೆಕ್ಕದಲ್ಲಿ ಗಣ್ಯ ಮೊತ್ತ. ಕೆಲವೇ ತಿಂಗಳಲ್ಲಿ ಅವನ ವಲಯದಲ್ಲಿದ್ದವರೇ ಇಬ್ಬರು ಕುದುರೆಯ ಅಂಗಪ್ರಮಾಣದ ಬಗ್ಗೆ ಪುಸ್ತಕ ತರಲು ಹೊರಟರು. ಡ್ಯೂರರನ ಪ್ರಮಾಣಶಾಸ್ತ್ರದ ಗ್ರಂಥ ಹೊರಬರುವವರೆಗೆ ಅದನ್ನು ಪ್ರಕಟಿಸಕೂಡದೆಂದು ನಗರಸಭೆ ತಡೆಯಿತು. ಗಂಡನ ಆ ಗ್ರಂಥವನ್ನು ಅದೇ ವರ್ಷದ ಕೊನೆಗೆ ಆಗ್ನೆಸ್ ಹೊರತಂದಳು. 1539ರಲ್ಲಿ ತಾನು ಸಾಯುವವರೆಗೆ ಆ ವ್ಯವಹಾರವನ್ನು ಕಾಪಾಡಿಕೊಂಡಳು. ಅವಳೂ ಹೋದ ಮೇಲೆ ಅಂಕಿತಕ್ಕೆ ಕಾವಲಿರಲಿಲ್ಲ. ಯಾರು ಯಾರೋ ಬರೆದ ಚಿತ್ರಗಳ ಮೂಲೆಯಲ್ಲಿ ಸಂಗ್ರಾಹಕರು, ದಲ್ಲಾಳಿಗಳು ಆ ಎರಡಕ್ಷರವನ್ನು ಸೇರಿಸಿದರು. ಇಂದು ವಿದ್ವಾಂಸರು ಡ್ಯೂರರನ ರೇಖಾಚಿತ್ರವೊಂದನ್ನು ಪರಿಶೀಲಿಸುವಾಗ ಅಂಕಿತವನ್ನು ಕಂಡೊಡನೆ ನಂಬುವುದಿಲ್ಲ; ಗೆರೆಯನ್ನು ನೋಡಿ ನಿರ್ಣಯಿಸುತ್ತಾರೆ. ಕೊನೆಗೂ ಅವನ ನಿಜವಾದ ಗುರುತು ಆ ಗೆರೆಯೇ ಆಗಿ ಉಳಿದಿದೆ.

ನಿಮ್ಮ ಉದ್ಯೋಗಕ್ಕೆ ಇದರಿಂದ ಆಯ್ದುಕೊಳ್ಳಬೇಕಾದದ್ದನ್ನು ಚುಟುಕಾಗಿ ಹೇಳುತ್ತೇನೆ. ಗುರುತು ಸರಳವಾಗಿರಲಿ, ಒಮ್ಮೆ ನಿಶ್ಚಯಿಸಿದ ಮೇಲೆ ವರ್ಷಕ್ಕೊಂದು ಬದಲಿಸಬೇಡಿ. ದೊಡ್ಡ ಕೆಲಸಕ್ಕೂ ಅಗ್ಗದ ಕೆಲಸಕ್ಕೂ ಅದೇ ಗುರುತನ್ನು ಹಾಕಿ, ಆಗ ಅಗ್ಗದ ಕೆಲಸವನ್ನೂ ಅಸಡ್ಡೆಯಿಂದ ಮಾಡಲಾರಿರಿ. ಲೆಕ್ಕ ಬರೆಯಿರಿ, ಬರೆಯುವವರನ್ನು ಗೌರವಿಸಿ. ನಕಲುಗಾರರ ಮೇಲೆ ದೂರು ಕೊಡಬೇಕಾದಾಗ ಕೊಡಿ, ಆದರೆ ಆ ಕೋಪದಲ್ಲಿ ಮುಂದಿನ ಕೆಲಸ ನಿಲ್ಲದಿರಲಿ. ಕಾಣದ ಖಡ್ಗಮೃಗಕ್ಕೆ ಅಂಕಿತ ಹಾಕುವ ಮೊದಲು ಎರಡು ಸಲ ಯೋಚಿಸಿ.

ಮೇಷ್ಟ್ರ ಅಭ್ಯಾಸ ಹೋಗುವುದಿಲ್ಲ, ಆದ್ದರಿಂದ ಒಂದು ಮನೆಗೆಲಸ. ‘ಮೆಲಂಕೋಲಿಯಾ’ ಚಿತ್ರದ ಬಲಮೇಲ್ಭಾಗದಲ್ಲಿ ಹದಿನಾರು ಮನೆಗಳ ಒಂದು ಮಾಯಾಚೌಕವಿದೆ. ಸಾಲುಗಳು ಹೀಗಿವೆ: 16, 3, 2, 13, ಆಮೇಲೆ 5, 10, 11, 8, ಆಮೇಲೆ 9, 6, 7, 12, ಕೊನೆಗೆ 4, 15, 14, 1. ಅಡ್ಡಲಾಗಿ, ಉದ್ದಕ್ಕೆ, ಮೂಲೆಯಿಂದ ಮೂಲೆಗೆ, ನಾಲ್ಕು ಮೂಲೆಗಳನ್ನು, ನಡುವಿನ ನಾಲ್ಕು ಮನೆಗಳನ್ನು ಕೂಡಿಸಿ ನೋಡಿ. ಕೊನೆಯ ಸಾಲಿನ ನಡುವೆ 15 ಮತ್ತು 14 ಸೇರಿ ಚಿತ್ರ ಕೆತ್ತಿದ ವರ್ಷವಾಗುತ್ತದೆ. ಅವನ ತಾಯಿ ಬಾರ್ಬರಾ ತೀರಿಕೊಂಡದ್ದೂ ಅದೇ ವರ್ಷ. ಅವುಗಳ ಆಚೀಚೆ ಇರುವ 4 ಮತ್ತು 1 ಅವರ ಅಕ್ಷರಮಾಲೆಯ ಯಾವ ಅಕ್ಷರಗಳೆಂದು ನೀವೇ ಎಣಿಸಿ. ಮಕ್ಕಳಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.